ಮನೆಯಲ್ಲೇ ಫೋಟೊ ಪ್ರಿಂಟ್: ತೆರೆಯ ಮೇಲಿನ ಬಣ್ಣ ಹಾಳೆಗೂ ಬರಬೇಕಾದರೆ

ಮದುಮಗಳ ಫೋಟೊ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೆಂಪು ರೇಷ್ಮೆ ಸೀರೆ, ಜರಿ ಅಂಚು, ಮುಡಿಯಲ್ಲಿ ಮಲ್ಲಿಗೆಯ ಜೊತೆ ಕನಕಾಂಬರ, ಕೆನ್ನೆಯ ಮೇಲೆ ತೆಳುವಾಗಿ ಅರಿಶಿನ. ಮನೆಯ ಪ್ರಿಂಟರ್‌ಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕಿಲ್ಲ. ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಚಿತ್ರ ಹಾಳೆಗೆ ಇಳಿದಾಗ ಮುಖ ಕಪ್ಪಿಟ್ಟಿರುತ್ತದೆ, ಸೀರೆಯ ನೆರಿಗೆಗಳೆಲ್ಲ ಅಳಿಸಿ ಒಂದೇ ಕೆಂಪು ಮುದ್ದೆಯಾಗಿರುತ್ತದೆ, ಮಲ್ಲಿಗೆ ನಸುಗುಲಾಬಿಗೆ ತಿರುಗಿರುತ್ತದೆ. ಆಗ ಹೆಚ್ಚಿನವರು ಪ್ರಿಂಟರ್ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶ) ತೆರೆದು ಬ್ರೈಟ್‌ನೆಸ್ ಏರಿಸುತ್ತಾರೆ, ಮಜೆಂಟಾ (ನೇರಳೆಗೆಂಪು) ಇಳಿಸುತ್ತಾರೆ, ಮತ್ತೊಂದು ಹಾಳೆ ಹಾಕುತ್ತಾರೆ. ಹೀಗೆ ಆ ಒಂದು ಫೋಟೊ ಹೇಗೋ ಸರಿಹೋಗಬಹುದು. ಮುಂದಿನ ಫೋಟೊ ಮತ್ತೆ ಕೆಡುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ: ಡ್ರೈವರಿನ ಸ್ಲೈಡರ್‌ಗಳನ್ನು ಮುಟ್ಟಬೇಡಿ. ತೆರೆ, ಫೈಲು, ಹಾಳೆ, ಇಂಕು ಈ ನಾಲ್ಕರ ನಡುವೆ ಬಣ್ಣದ ಲೆಕ್ಕ ಸರಿಯಾಗಿ ದಾಟುವಂತೆ ಒಮ್ಮೆ ಕೂತು ಹೊಂದಿಸಿಕೊಳ್ಳಿ. ಆಮೇಲೆ ಪ್ರತಿ ಪ್ರಿಂಟಿಗೂ ಗುದ್ದಾಡುವ ಅಗತ್ಯ ಬೀಳುವುದಿಲ್ಲ.

ಲೆಕ್ಕ ತಪ್ಪುವುದಕ್ಕೆ ಮೂಲ ಕಾರಣ ಸರಳ. ತೆರೆ ತಾನೇ ಬೆಳಕು ಚೆಲ್ಲಿ ಕೆಂಪು, ಹಸಿರು, ನೀಲಿ ಬೆರೆಸಿ ಬಣ್ಣ ಕಟ್ಟುತ್ತದೆ. ಹಾಳೆಗೆ ಸ್ವಂತ ಬೆಳಕಿಲ್ಲ. ಅದರ ಮೇಲಿನ ಸಯಾನ್ (ಹಸಿರುನೀಲಿ), ಮಜೆಂಟಾ, ಹಳದಿ ಇಂಕು ಕೋಣೆಯ ಬೆಳಕಿನಲ್ಲಿ ಒಂದಷ್ಟನ್ನು ಹೀರಿಕೊಂಡು ಉಳಿದದ್ದನ್ನು ಕಣ್ಣಿಗೆ ಕಳಿಸುತ್ತದೆ. ಒಂದೇ ಅಂಕಿಯನ್ನು ಎರಡಕ್ಕೂ ಕೊಟ್ಟರೆ ಎರಡು ಬೇರೆ ಬಣ್ಣ ಬರುವುದು ಸಹಜ. ಈ ಎರಡರ ನಡುವೆ ಅನುವಾದಕನ ಕೆಲಸ ಮಾಡುವುದೇ ಐಸಿಸಿ ಪ್ರೊಫೈಲ್ ಎಂಬ ಪುಟ್ಟ ಫೈಲು. 1993ರಲ್ಲಿ ಕಂಪ್ಯೂಟರ್ ಮತ್ತು ಫೋಟೊ ಉದ್ಯಮದ ಕಂಪನಿಗಳು ಸೇರಿ ಕಟ್ಟಿಕೊಂಡ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಮ್ ರೂಪಿಸಿದ ಮಾದರಿ ಅದು. ಇವತ್ತಿಗೂ ಎಲ್ಲ ಕೆಲಸ ಅದರ ಮೇಲೆಯೇ ನಡೆಯುತ್ತಿದೆ.

ಹಂತ 1: ಪ್ರಿಂಟರ್ ಆರೋಗ್ಯವಾಗಿದೆಯೇ ನೋಡಿ

ಬಣ್ಣದ ಬಗ್ಗೆ ಏನೇ ಮಾಡುವ ಮೊದಲು ಸಾದಾ ಹಾಳೆಯಲ್ಲಿ ನಾಝಲ್ ಚೆಕ್, ಅಂದರೆ ಇಂಕು ಚಿಮ್ಮುವ ಸಣ್ಣ ತೂತುಗಳನ್ನು ಪರೀಕ್ಷಿಸುವ ಗೆರೆಗಳ ಪುಟ, ತೆಗೆಯಿರಿ. ಗೆರೆಗಳಲ್ಲಿ ಒಂದು ಕಡೆ ತುಂಡಾಗಿದ್ದರೂ ಆ ಬಣ್ಣದ ಇಂಕು ಪೂರ್ತಿ ಬೀಳುತ್ತಿಲ್ಲ ಎಂದರ್ಥ. ಲೈಟ್ ಮಜೆಂಟಾ ಅರ್ಧ ಕಟ್ಟಿಕೊಂಡಿರುವ ಪ್ರಿಂಟರಿನಲ್ಲಿ ಮುಖದ ಬಣ್ಣ ಹಸಿರಿಗೆ ವಾಲುತ್ತದೆ, ಅದನ್ನು ಯಾವ ಪ್ರೊಫೈಲೂ ಸರಿಮಾಡಲಾರದು. ಹೆಡ್ ಕ್ಲೀನಿಂಗ್ (ಆ ತೂತುಗಳನ್ನು ಶುಚಿಮಾಡುವ ಆಯ್ಕೆ) ಕೊಟ್ಟು ಮತ್ತೆ ಚೆಕ್ ಮಾಡಿ. ಎರಡು ಮೂರು ಸಲಕ್ಕೂ ಬರದಿದ್ದರೆ ಪಟ್ಟು ಹಿಡಿದು ಮುಂದುವರಿಸಬೇಡಿ. ಪ್ರಿಂಟರ್ ಆಫ್ ಮಾಡಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಪ್ರತಿ ಕ್ಲೀನಿಂಗ್‌ನಲ್ಲೂ ಇಂಕು ಒಳಗಿನ ವೇಸ್ಟ್ ಪ್ಯಾಡಿಗೆ ಹೋಗಿ ಸೇರುತ್ತದೆ, ಅದು ತುಂಬಿದರೆ ಪ್ರಿಂಟರೇ ಕೆಲಸ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ, ಅದರಲ್ಲೂ ಕಲಬುರಗಿ, ಬಳ್ಳಾರಿ ಕಡೆಯ ಒಣ ಹವೆಯಲ್ಲಿ, ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಪುಟ ತೆಗೆದರೆ ಹೆಡ್ ಕಟ್ಟುವುದು ಕಡಿಮೆ.

ನಿಮ್ಮ ಪ್ರಿಂಟರಿನಲ್ಲಿ ಎಷ್ಟು ಬಣ್ಣ ಇವೆ ಎಂಬುದೂ ಮುಖ್ಯ. ಎಪ್ಸನ್ ಎಲ್8050ರಂಥ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಲೈಟ್ ಸಯಾನ್, ಲೈಟ್ ಮಜೆಂಟಾ ಬೇರೆಯಾಗಿ ಇರುವುದರಿಂದ ಕೆನ್ನೆ, ಆಕಾಶದಂಥ ತಿಳಿ ಭಾಗಗಳು ಚುಕ್ಕೆ ಕಾಣದೆ ನುಣುಪಾಗಿ ಬರುತ್ತವೆ. ಆಫೀಸು ಕೆಲಸಕ್ಕೆಂದು ಕೊಂಡ ನಾಲ್ಕು ಬಣ್ಣದ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್ (ಕರಗದ ಬಣ್ಣದ ಕಣಗಳ ಇಂಕು) ಆಗಿದ್ದರೆ, ಬಹುಮಟ್ಟಿಗೆ ಅವು ಗ್ಲಾಸಿ ಹಾಳೆಯ ಮೇಲೆ ಆ ಕಪ್ಪನ್ನು ಬಳಸುವುದೇ ಇಲ್ಲ. ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಕೂದಲು ಕಪ್ಪಾಗದೆ ಕಂದು ಛಾಯೆಯಲ್ಲಿ ಬರುವುದು ಅದಕ್ಕೇ. ಅಂಥ ಪ್ರಿಂಟರಿನಲ್ಲೂ ಒಳ್ಳೆಯ ಪ್ರಿಂಟ್ ತೆಗೆಯಬಹುದು, ಆದರೆ ಕಪ್ಪಿನ ಆಳಕ್ಕೆ ಒಂದು ಮಿತಿ ಇದ್ದೇ ಇರುತ್ತದೆ.

ಇನ್ನೊಂದು ಮಾತು. ವಿಂಡೋಸ್ ತಾನಾಗಿ ಹಾಕಿಕೊಂಡ ಡ್ರೈವರಿನಲ್ಲಿ, ಆ್ಯಪಲ್‌ನ ಏರ್‌ಪ್ರಿಂಟ್‌ನಲ್ಲಿ, ಹಾಳೆಯ ಬಗೆ ಮತ್ತು ಬಣ್ಣದ ಆಯ್ಕೆಗಳು ಅನೇಕ ಸಲ ಇರುವುದೇ ಇಲ್ಲ. ಕಂಪನಿಯ ವೆಬ್‌ಸೈಟಿನಿಂದ ಪೂರ್ತಿ ಡ್ರೈವರ್ ಇಳಿಸಿಕೊಳ್ಳಿ. ಆ ಕಂಪನಿಯ ಹಾಳೆಗಳ ಪ್ರೊಫೈಲ್‌ಗಳೂ ಸಾಮಾನ್ಯವಾಗಿ ಅದರ ಜೊತೆಗೇ ಬರುತ್ತವೆ.

ಹಂತ 2: ತೆರೆಯ ಹೊಳಪು ಇಳಿಸಿ

"ಪ್ರಿಂಟ್ ಕಪ್ಪಾಗಿ ಬರುತ್ತೆ" ಎನ್ನುವ ದೂರಿನಲ್ಲಿ ಹೆಚ್ಚಿನ ಪಾಲು ಪ್ರಿಂಟರಿನ ತಪ್ಪಲ್ಲ. ತೆರೆ ಅತಿಯಾಗಿ ಹೊಳೆಯುತ್ತಿರುತ್ತದೆ. ಅಂಗಡಿಯಿಂದ ಬಂದ ಮಾನಿಟರ್‌ಗಳ ಹೊಳಪು ಸಾಮಾನ್ಯವಾಗಿ 250ರಿಂದ 350 ನಿಟ್ಸ್ (ಹೊಳಪಿನ ಅಳತೆ). ಮನೆಯ ಕೋಣೆಯಲ್ಲಿ ಹಿಡಿದು ನೋಡುವ ಹಾಳೆಗೆ ಅಷ್ಟು ಬೆಳಕು ಎಲ್ಲಿಂದ ಬರಬೇಕು? ಪ್ರಿಂಟಿಗಾಗಿ ಫೋಟೊ ತಿದ್ದುವಾಗ ತೆರೆ 80ರಿಂದ 120 ನಿಟ್ಸ್ ನಡುವೆ ಇರಬೇಕು. ಮೊದಲ ದಿನ ಮಂಕು ಎನಿಸುತ್ತದೆ, ಕಣ್ಣು ಬೇಗ ಹೊಂದಿಕೊಳ್ಳುತ್ತದೆ.

ಅಳೆಯುವ ಸಾಧನ ಇಲ್ಲದಿದ್ದರೆ ಹೀಗೆ ಮಾಡಿ. ಸಂಜೆ, ನೀವು ದಿನಾ ಕೆಲಸ ಮಾಡುವ ದೀಪದಲ್ಲಿ, ತೆರೆಯ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ನೀವು ಪ್ರಿಂಟಿಗೆ ಬಳಸುವ ಹಾಳೆಯನ್ನೇ ಹಿಡಿಯಿರಿ. ಎರಡರ ಬಿಳುಪೂ ಒಂದೇ ಮಟ್ಟಕ್ಕೆ ಕಾಣುವ ತನಕ ತೆರೆಯ ಹೊಳಪು ಇಳಿಸಿ. ಇಷ್ಟು ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ನೈಟ್ ಲೈಟ್, ನೈಟ್ ಶಿಫ್ಟ್, ಟ್ರೂ ಟೋನ್, ಆಟೊ ಬ್ರೈಟ್‌ನೆಸ್ ಎಲ್ಲವನ್ನೂ ಆಫ್ ಮಾಡಿ. ಇವು ಕಣ್ಣಿನ ಸುಖಕ್ಕಾಗಿ ಬಣ್ಣ ಬದಲಿಸುತ್ತಲೇ ಇರುತ್ತವೆ. ಮಾನಿಟರಿನ ಮೆನುವಿನಲ್ಲಿ ವಿವಿಡ್, ಗೇಮ್, ಮೂವಿ ಮೋಡ್ ಬಿಟ್ಟು ಎಸ್‌ಆರ್‌ಜಿಬಿ (ತೆರೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ವ್ಯಾಪ್ತಿ) ಅಥವಾ ಸ್ಟ್ಯಾಂಡರ್ಡ್ ಆರಿಸಿ.

ತಿಂಗಳಿಗೆ ನಾಲ್ಕಾರು ಪ್ರಿಂಟ್ ತೆಗೆಯುವವರು ಒಂದು ಕ್ಯಾಲಿಬ್ರೇಟರ್ ಕೊಳ್ಳುವುದೇ ಲೇಸು. ಡೇಟಾಕಲರ್‌ನವರ ಸ್ಪೈಡರ್, ಕ್ಯಾಲಿಬ್ರೈಟ್‌ನವರ ಸಾಧನಗಳು ಇಲ್ಲಿಯೂ ಸಿಗುತ್ತವೆ. ತೆರೆಯ ಮೇಲೆ ಇಟ್ಟರೆ ಅದು ಒಂದೊಂದೇ ಬಣ್ಣ ತೋರಿಸಿ ಅಳೆದು ಆ ತೆರೆಗೇ ಪ್ರೊಫೈಲ್ ಕಟ್ಟಿಕೊಡುತ್ತದೆ. ಗುರಿಯಾಗಿ 6500 ಕೆಲ್ವಿನ್ (ಬಿಳಿಯ ಛಾಯೆಯ ಅಳತೆ), ಗಾಮಾ 2.2 (ಕಪ್ಪು ಬಿಳುಪಿನ ನಡುವಿನ ಛಾಯೆಗಳ ಮಟ್ಟ), ಹೊಳಪು 100 ನಿಟ್ಸ್ ಕೊಡಿ. ಗೆಳೆಯರು ಮೂರು ನಾಲ್ಕು ಜನ ಸೇರಿ ಒಂದು ಕೊಂಡರೂ ಸಾಕು. ತಿಂಗಳಿಗೊಮ್ಮೆ ಹದಿನೈದು ನಿಮಿಷದ ಕೆಲಸ. ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶ ಹಳೆಯ ಸಾಧನಗಳನ್ನೂ ನಡೆಸುತ್ತದೆ.

ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಇರುವವರು ಇದನ್ನು ಗಮನಿಸಲೇಬೇಕು. ಅವುಗಳ ವಿವರಪಟ್ಟಿಯಲ್ಲಿ "45% ಎನ್‌ಟಿಎಸ್‌ಸಿ" ಎಂದು ಬರೆದಿರುತ್ತದೆ. ಅಂದರೆ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ ಮಾತ್ರ ಆ ತೆರೆ ತೋರಿಸಬಲ್ಲದು. ಕೆಂಪು ಸೀರೆ ಅಲ್ಲಿ ಇಟ್ಟಿಗೆ ಬಣ್ಣಕ್ಕೆ ಕಾಣುತ್ತದೆ. ಮಂಕಾಗಿದೆ ಎಂದು ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುತ್ತೀರಿ, ಹಾಳೆಯ ಮೇಲೆ ಕಣ್ಣು ಕುಕ್ಕುವ ಕೆಂಪು ಬರುತ್ತದೆ. ಇಂಥ ತೆರೆಯಲ್ಲಿ ಹೊಳಪು, ಕಾಂಟ್ರಾಸ್ಟ್ ಮಾತ್ರ ನೋಡಿಕೊಳ್ಳಿ. ಗಾಢತೆಯ ತೀರ್ಮಾನವನ್ನು ಅದರ ಮೇಲೆ ಮಾಡಬೇಡಿ.

ಹಂತ 3: ಫೈಲನ್ನು ಸಿದ್ಧಮಾಡಿ

ಸಾಧ್ಯವಿದ್ದರೆ ರಾ ಫೈಲಿನಿಂದ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲಿನಿಂದ, ಶುರುಮಾಡಿ. ಚಪ್ಪರದ ಬಣ್ಣದ ಬಟ್ಟೆ, ವಿಡಿಯೊದವರ ಲೈಟು, ಹಗಲು ಬೆಳಕು ಮೂರೂ ಮುಖದ ಮೇಲೆ ಬೀಳುವ ನಮ್ಮ ಮದುವೆ ಮಂಟಪಗಳಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ) ತಪ್ಪುವುದು ಮಾಮೂಲು, ರಾ ಫೈಲಿನಲ್ಲಿ ಅದನ್ನು ನಷ್ಟವಿಲ್ಲದೆ ತಿದ್ದಬಹುದು. ಮಲ್ಲಿಗೆ ಅಥವಾ ಬಿಳಿ ಪಂಚೆ ಇದ್ದರೆ ಅದರ ಮೇಲೆ ಡ್ರಾಪರ್ (ತಂತ್ರಾಂಶದಲ್ಲಿ ಬಣ್ಣ ಓದುವ ಗುರುತು) ಇಡಿ. ಹಾಲುಬಿಳುಪಿನ ರೇಷ್ಮೆ ಪಂಚೆ ಆಗದು, ಅದರಲ್ಲಿ ಹಳದಿ ಇದ್ದೇ ಇರುತ್ತದೆ.

ಮುಖದ ಬಣ್ಣವನ್ನು ಕಣ್ಣಿನ ಜೊತೆ ಅಂಕಿಯಲ್ಲೂ ನೋಡಿ. ನಮ್ಮ ಮೈಬಣ್ಣದಲ್ಲಿ, ಎಣ್ಣೆಗೆಂಪಿರಲಿ, ಗೋಧಿ ಬಣ್ಣವಿರಲಿ, ಕಡುಕಪ್ಪಿರಲಿ, ಆರ್‌ಜಿಬಿ ಅಂಕಿಗಳ ಕ್ರಮ ಒಂದೇ: ಕೆಂಪು ಹೆಚ್ಚು, ಆಮೇಲೆ ಹಸಿರು, ನೀಲಿ ಎಲ್ಲಕ್ಕಿಂತ ಕಡಿಮೆ. ನೀಲಿಯ ಅಂಕಿ ಹಸಿರಿನ ಹತ್ತಿರ ಬಂದರೆ ಹಾಳೆಯಲ್ಲಿ ಮುಖ ನೇರಳೆಗೆ ತಿರುಗುತ್ತದೆ. ಮುಖವನ್ನು ಬೆಳ್ಳಗೆ ಮಾಡುವ ಚಟ ಸ್ಟುಡಿಯೊಗಳಲ್ಲಿ ಬೇರೂರಿದೆ. ಬಣ್ಣದ ನಿಖರತೆ ಬೇಕೆನ್ನುವವರು ಅದನ್ನು ಬಿಡಲೇಬೇಕು. ತಂಗಿಯ ಮುಖ ತಂಗಿಯ ಬಣ್ಣದಲ್ಲೇ ಬರಲಿ.

ಕಲರ್ ಸ್ಪೇಸ್, ಅಂದರೆ ಫೈಲು ಹಿಡಿಯಬಲ್ಲ ಬಣ್ಣಗಳ ವ್ಯಾಪ್ತಿ, ಅದರ ವಿಚಾರ ಚಿಕ್ಕದು. ಗೊಂದಲ ಬೇಡದವರು ಎಸ್‌ಆರ್‌ಜಿಬಿಯಲ್ಲೇ ಇರಿ. ರಾ ಫೈಲಿನಿಂದ ಕೆಲಸ ಮಾಡಿ ಪ್ರೊಫೈಲ್ ಸಮೇತ ಪ್ರಿಂಟ್ ಕೊಡುವವರಿಗೆ ಅಡೋಬಿ ಆರ್‌ಜಿಬಿ ಲಾಭದಾಯಕ, ಅದರ ವ್ಯಾಪ್ತಿ ಇನ್ನೂ ಅಗಲ. ಆರು ಬಣ್ಣದ ಪ್ರಿಂಟರ್‌ಗಳು ಸಯಾನ್ ಮತ್ತು ಹಸಿರಿನ ಕಡೆ ಎಸ್‌ಆರ್‌ಜಿಬಿಯನ್ನು ಮೀರಿ ಹೋಗಬಲ್ಲವು, ಮಳೆಗಾಲದ ಗದ್ದೆಯ ಫೋಟೊಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಯಾವುದೇ ಆದರೂ ಸೇವ್ ಮಾಡುವಾಗ ಪ್ರೊಫೈಲ್ ಎಂಬೆಡ್ ಮಾಡುವ (ಫೈಲಿನೊಳಗೇ ಸೇರಿಸುವ) ಗುರುತು ಹಾಕಿ. ಗುರುತಿಲ್ಲದ ಅಡೋಬಿ ಆರ್‌ಜಿಬಿ ಫೈಲನ್ನು ಮುಂದಿನ ತಂತ್ರಾಂಶ ಎಸ್‌ಆರ್‌ಜಿಬಿ ಎಂದೇ ಓದಿ ಸಪ್ಪೆ ಮಾಡಿಬಿಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗಳನ್ನು ಪ್ರಿಂಟಿಗೆ ತರಬೇಡಿ, ಮೂಲ ಫೈಲನ್ನೇ ಕೇಳಿ ತರಿಸಿಕೊಳ್ಳಿ. ಅಳತೆಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ: 4×6 ಇಂಚಿಗೆ 1200×1800, ಎ4ಗೆ 2480×3508.

ಹಂತ 4: ಹಾಳೆ ಮತ್ತು ಅದರ ಪ್ರೊಫೈಲ್

ಪ್ರೊಫೈಲ್ ಎಂಬುದು ಪ್ರಿಂಟರಿನದಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಪ್ರಿಂಟರ್, ಇಂಕು, ಹಾಳೆ, ಡ್ರೈವರಿನಲ್ಲಿ ಆರಿಸಿದ ಪೇಪರ್ ಟೈಪ್ ಈ ನಾಲ್ಕೂ ಸೇರಿದ ಜೋಡಣೆಗೆ ಒಂದು ಪ್ರೊಫೈಲ್. ನಾಲ್ಕರಲ್ಲಿ ಒಂದು ಬದಲಾದರೂ ಅದು ಹೊಂದುವುದಿಲ್ಲ. ಪೇಪರ್ ಟೈಪ್ ಬದಲಿಸಿದರೆ ಪ್ರಿಂಟರ್ ಸುರಿಯುವ ಇಂಕಿನ ಪ್ರಮಾಣವೇ ಬದಲಾಗುತ್ತದೆ, ಹಾಗಾಗಿ ಗ್ಲಾಸಿ ಹಾಳೆ ಹಾಕಿ "ಪ್ಲೇನ್ ಪೇಪರ್" ಎಂದು ಬಿಟ್ಟರೆ ಬಣ್ಣ ಸೋತು ಬರುತ್ತದೆ.

ಕಲಿಯುವ ಹಂತದಲ್ಲಿ ಪ್ರಿಂಟರ್ ಕಂಪನಿಯದೇ ಹಾಳೆ, ಕಂಪನಿಯದೇ ಇಂಕು ಬಳಸಿ. ದುಬಾರಿ ನಿಜ, ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವಾಗ ಎರಡು ಅನುಮಾನ ಕಡಿಮೆಯಾಗುತ್ತವೆ. ಬೇರೆ ಕಂಪನಿಯ ಹಾಳೆ ಕೊಳ್ಳುವುದಾದರೆ ನಿಮ್ಮ ಪ್ರಿಂಟರ್ ಮಾದರಿಗೆ ಪ್ರೊಫೈಲ್ ಕೊಡುತ್ತಾರೆಯೇ ಎಂದು ಮೊದಲು ಆ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿ. ಹಾನೆಮ್ಯೂಲೆ, ಕ್ಯಾನ್ಸನ್‌ರಂಥವರು ಕೊಡುತ್ತಾರೆ. ಯಾವ ಪೇಪರ್ ಟೈಪ್ ಆರಿಸಬೇಕೆಂದೂ ಜೊತೆಯಲ್ಲೇ ಬರೆದಿರುತ್ತಾರೆ. ವಿಂಡೋಸ್‌ನಲ್ಲಿ ಇಳಿಸಿಕೊಂಡ ಪ್ರೊಫೈಲ್ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಪ್ರೊಫೈಲ್ ಒತ್ತಿದರೆ ಮುಗಿಯಿತು, ಆಮೇಲೆ ಫೋಟೊಶಾಪ್ ಮುಚ್ಚಿ ತೆರೆಯಿರಿ.

ಮದುವೆ ಫೋಟೊಗೆ ನಾನು ಲಸ್ಟರ್ (ನಸು ಹೊಳಪಿನ, ಸಣ್ಣ ತರಿಯ) ಹಾಳೆಯನ್ನೇ ಹೇಳುತ್ತೇನೆ. ಗ್ಲಾಸಿಯಷ್ಟೇ ಬಣ್ಣ ಹಿಡಿಯುತ್ತದೆ, ಬೆರಳಚ್ಚು, ಪ್ರತಿಫಲನ ಕಡಿಮೆ. ಮ್ಯಾಟ್ ಹಾಳೆಯಲ್ಲಿ ಕಪ್ಪು ಅಷ್ಟು ಆಳಕ್ಕಿಳಿಯುವುದಿಲ್ಲ, ಕೆಂಪು ಸೀರೆಯ ಬಿಗುಪೂ ತಗ್ಗುತ್ತದೆ. ಅತಿ ಬೆಳ್ಳಗಿರುವ ಹಾಳೆಗಳಲ್ಲಿ ಬಟ್ಟೆ ಸೋಪಿನಲ್ಲಿರುವಂಥದೇ ಹೊಳಪುಕಾರಕ ಸೇರಿಸಿರುತ್ತಾರೆ. ಕಿಟಕಿ ಬೆಳಕಿನಲ್ಲಿ ಅವು ನೀಲಿಗೆ ವಾಲಿ ಕಾಣುತ್ತವೆ, ವರ್ಷಗಳು ಕಳೆದ ಹಾಗೆ ಆ ಬಿಳುಪು ಇಳಿಯುತ್ತದೆ.

ಹಂತ 5: ಸಾಫ್ಟ್ ಪ್ರೂಫ್, ಅಂದರೆ ಹಾಳೆ ಹಾಕುವ ಮೊದಲೇ ನೋಡುವುದು

ಫೋಟೊಶಾಪ್‌ನಲ್ಲಿ ವ್ಯೂ ಮೆನುವಿನ ಪ್ರೂಫ್ ಸೆಟಪ್, ಅಲ್ಲಿ ಕಸ್ಟಮ್. ಹಾಳೆಯ ಪ್ರೊಫೈಲ್ ಆರಿಸಿ, ಫೈಲಿನ ಕಪ್ಪನ್ನು ಹಾಳೆಯ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್‌ಗೆ ಗುರುತು ಹಾಕಿ. ಕಂಟ್ರೋಲ್ ಮತ್ತು ವೈ ಒತ್ತಿದಾಗಲೆಲ್ಲ ಮೂಲ ಚಿತ್ರ, ಹಾಳೆಯ ಚಿತ್ರ ಅದಲುಬದಲಾಗುತ್ತವೆ. ಲೈಟ್‌ರೂಮ್ ಕ್ಲಾಸಿಕ್‌ನ ಡೆವಲಪ್‌ನಲ್ಲಿ ಎಸ್ ಕೀಲಿ ಒತ್ತಿದರೆ ಸಾಕು. ಉಚಿತವಾಗಿ ಸಿಗುವ ಗಿಂಪ್, ಡಾರ್ಕ್‌ಟೇಬಲ್‌ಗಳಲ್ಲೂ ಈ ಸೌಲಭ್ಯ ಇದೆ.

ಈಗ ಮದುಮಗಳ ಸೀರೆಯನ್ನು ಹತ್ತಿರದಿಂದ ನೋಡಿ. ನೆರಿಗೆಯ ಉಬ್ಬಿನ ಮೇಲೆ ಡ್ರಾಪರ್ ಇಟ್ಟರೆ ಕೆಂಪು 255 (ಅದೇ ಗರಿಷ್ಠ), ಹಸಿರು 20ರ ಆಸುಪಾಸು. ಪಕ್ಕದ ತಗ್ಗಿನಲ್ಲೂ ಕೆಂಪು 250. ಅಂದರೆ ಕೆಂಪು ಚಾನಲ್ ತುಂಬಿ ತುಳುಕಿದೆ, ಉಬ್ಬು ತಗ್ಗಿನ ವ್ಯತ್ಯಾಸ ಅದರಲ್ಲಿ ಉಳಿದಿಲ್ಲ. ತೆರೆ ಹೇಗೋ ತೋರಿಸುತ್ತದೆ, ಇಂಕಿಗೆ ಆ ಕೆಂಪು ಮುಟ್ಟಲಾಗದು, ಎರಡನ್ನೂ ತನ್ನ ಕೈಲಾದ ಒಂದೇ ಕೆಂಪಿಗೆ ಇಳಿಸಿಬಿಡುತ್ತದೆ. ಮಾಡಬೇಕಾದ್ದು ಇಷ್ಟು: ರಾ ಫೈಲಿಗೆ ಹೋಗಿ ಕೆಂಪಿನ ಸ್ಯಾಚುರೇಷನ್ ಹತ್ತು ಹದಿನೈದು ಅಂಕ ಇಳಿಸಿ, ಕೆಂಪಿನ ಲೂಮಿನನ್ಸ್ (ಹೊಳಪು) ಸ್ವಲ್ಪ ತಗ್ಗಿಸಿ. ತೆರೆಯಲ್ಲಿ ಸೀರೆ ಒಂದು ಗುಲಗಂಜಿಯಷ್ಟು ಸಪ್ಪೆಯಾದಂತೆ ಕಂಡರೂ ಪ್ರೂಫ್‌ನಲ್ಲಿ ನೆರಿಗೆಗಳು ಎದ್ದು ನಿಲ್ಲುತ್ತವೆ. ನೋಡುವವರ ಕಣ್ಣಿಗೆ ರೇಷ್ಮೆ ರೇಷ್ಮೆಯಾಗಿ ಕಾಣುವುದು ಆ ನೆರಿಗೆಗಳಿಂದಲೇ. ಕನಕಾಂಬರದ ಕಿತ್ತಳೆಗೂ, ವೇದಿಕೆಯ ನೇರಳೆ ಲೈಟಿಗೂ ಇದೇ ಮದ್ದು. ಜರಿಯ ವಿಷಯದಲ್ಲಿ ಮಾತ್ರ ನಿರೀಕ್ಷೆ ಕಡಿಮೆ ಇರಲಿ. ಲೋಹದ ಮಿಂಚು ಇಂಕಿನಲ್ಲಿಲ್ಲ, ಹೊಳಪಿನ ಎಳೆ ಮತ್ತು ನೆರಳಿನ ಎಳೆ ಬೇರೆ ಬೇರೆ ಕಂಡರೆ ಅದು ಒಳ್ಳೆಯ ಪ್ರಿಂಟ್.

ರೆಂಡರಿಂಗ್ ಇಂಟೆಂಟ್ ಎಂಬ ಆಯ್ಕೆಯಲ್ಲಿ ಎರಡನ್ನಷ್ಟೇ ನೆನಪಿಡಿ. ಪರ್ಸೆಪ್ಚುವಲ್ ಆರಿಸಿದರೆ ಹಾಳೆಗೆ ನಿಲುಕದ ಬಣ್ಣಗಳಿಗೆ ಜಾಗ ಮಾಡಿಕೊಡಲು ಎಲ್ಲ ಬಣ್ಣಗಳೂ ತುಸು ಒಳಗೆ ಸರಿಯುತ್ತವೆ, ಸೀರೆಯಂಥ ಗಾಢ ಬಣ್ಣದ ಏರಿಳಿತ ಉಳಿಯುತ್ತದೆ. ರಿಲೇಟಿವ್ ಕಲರಿಮೆಟ್ರಿಕ್ ನಿಲುಕುವ ಬಣ್ಣಗಳನ್ನು ಹಾಗೇ ಇಟ್ಟು, ನಿಲುಕದವನ್ನು ಅಂಚಿಗೆ ತಂದು ನಿಲ್ಲಿಸುತ್ತದೆ. ಮುಖಚಿತ್ರ, ಕಪ್ಪು ಬಿಳುಪು, ಮಂದ ಬಣ್ಣಗಳಿಗೆ ಇದೇ ಒಳ್ಳೆಯದು. ಪ್ರೂಫ್‌ನಲ್ಲಿ ಎರಡನ್ನೂ ಬದಲಿಸಿ ನೋಡಿ ತೀರ್ಮಾನಿಸಿ.

ಹಂತ 6: ಬಣ್ಣದ ಯಜಮಾನಿಕೆ ಒಬ್ಬರಿಗೇ ಕೊಡಿ

ಅತಿ ಹೆಚ್ಚು ಪ್ರಿಂಟ್‌ಗಳು ಹಾಳಾಗುವುದು ಇಲ್ಲಿ. ಫೋಟೊಶಾಪ್ ಪ್ರೊಫೈಲ್ ಬಳಸಿ ಬಣ್ಣ ಬದಲಿಸಿ ಕಳಿಸುತ್ತದೆ, ಅದು ಗೊತ್ತಿಲ್ಲದ ಡ್ರೈವರ್ ಮತ್ತೊಮ್ಮೆ ಬದಲಿಸುತ್ತದೆ. ಅತ್ತೆ ಹಾಕಿದ ಉಪ್ಪು ತಿಳಿಯದೆ ಸೊಸೆಯೂ ಸಾರಿಗೆ ಉಪ್ಪು ಹಾಕಿದಂತೆ. ಚಿತ್ರವಿಡೀ ಗುಲಾಬಿಗೆ ವಾಲಿ ಗಾಢವಾಗಿ ಬಂದರೆ ಮೊದಲ ಅನುಮಾನ ಇದೇ ಇರಲಿ.

ಫೋಟೊಶಾಪ್‌ನ ಪ್ರಿಂಟ್ ಕಿಟಕಿಯಲ್ಲಿ ಕಲರ್ ಹ್ಯಾಂಡ್ಲಿಂಗ್ ಎಂಬಲ್ಲಿ "ಫೋಟೊಶಾಪ್ ಮ್ಯಾನೇಜಸ್ ಕಲರ್ಸ್" ಆರಿಸಿ. ಕೆಳಗೆ ಹಾಳೆಯ ಪ್ರೊಫೈಲ್, ಪ್ರೂಫ್‌ನಲ್ಲಿ ಮೆಚ್ಚಿದ ಇಂಟೆಂಟ್ ಕೊಡಿ. ಆಮೇಲೆ ಪ್ರಿಂಟ್ ಸೆಟ್ಟಿಂಗ್ಸ್ ಒತ್ತಿ ಡ್ರೈವರಿಗೆ ಹೋಗಿ. ಎಪ್ಸನ್‌ನಲ್ಲಿ ಮೋರ್ ಆಪ್ಷನ್ಸ್ ಪುಟದ ಕಲರ್ ಕರೆಕ್ಷನ್‌ನಲ್ಲಿ ಕಸ್ಟಮ್, ಅಡ್ವಾನ್ಸ್ಡ್, ಅಲ್ಲಿ "ನೋ ಕಲರ್ ಅಡ್ಜಸ್ಟ್‌ಮೆಂಟ್". ಕ್ಯಾನನ್‌ನಲ್ಲಿ ಕಲರ್ ಇಂಟೆನ್ಸಿಟಿಯನ್ನು ಮ್ಯಾನ್ಯುವಲ್‌ಗೆ ಹಾಕಿ, ಮ್ಯಾಚಿಂಗ್ ಪುಟದಲ್ಲಿ "ನನ್". ಡ್ರೈವರಿನ ಆವೃತ್ತಿ ಬದಲಾದಂತೆ ಈ ಹೆಸರುಗಳು ಅಲ್ಪಸ್ವಲ್ಪ ಬೇರೆಯಾಗಬಹುದು, ಹುಡುಕಬೇಕಾದದ್ದು ಬಣ್ಣದ ತಿದ್ದುಪಡಿ ನಿಲ್ಲಿಸುವ ಆಯ್ಕೆಯನ್ನು. ಮ್ಯಾಕ್‌ನಲ್ಲಿ ಕಲರ್ ಮ್ಯಾಚಿಂಗ್ ಭಾಗ ತಾನಾಗಿ ಮಸುಕಾಗಿದ್ದರೆ ಎಲ್ಲ ಸರಿಯಾಗಿದೆ. ಜೊತೆಗೆ ಪೇಪರ್ ಟೈಪ್ ಸರಿಯಾಗಿ ಕೊಡಿ, ಕ್ವಾಲಿಟಿ ಹೈ ಇರಲಿ.

ಫೋಟೊಶಾಪ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಫೈಲು ಎಸ್‌ಆರ್‌ಜಿಬಿ, ಹಾಳೆ ಮತ್ತು ಇಂಕು ಪ್ರಿಂಟರ್ ಕಂಪನಿಯದೇ, ಡ್ರೈವರಿನಲ್ಲಿ ಸರಿಯಾದ ಪೇಪರ್ ಟೈಪ್, ಬಣ್ಣ ನಿರ್ವಹಣೆ ಡ್ರೈವರಿಗೇ. ಆಟೊ ಕರೆಕ್ಷನ್, ಫೋಟೊ ಎನ್‌ಹಾನ್ಸ್, ವಿವಿಡ್ ಇವನ್ನೆಲ್ಲ ಆಫ್ ಮಾಡಿಬಿಡಿ. ಇದರಲ್ಲೂ ಯಜಮಾನರು ಒಬ್ಬರೇ ಆದ್ದರಿಂದ ಫಲಿತಾಂಶ ಚೆನ್ನಾಗಿಯೇ ಇರುತ್ತದೆ.

ಹಂತ 7: ಸಣ್ಣ ತುಂಡಿನಲ್ಲಿ ಪರೀಕ್ಷೆ

ಎ4 ಹಾಳೆಗೆ ನೇರ ಹೋಗಬೇಡಿ. ಮುಖ, ಸೀರೆ, ಮಲ್ಲಿಗೆ ಮೂರೂ ಬರುವ ಒಂದು ಪಟ್ಟಿ ಕತ್ತರಿಸಿ, ಪಕ್ಕದಲ್ಲಿ ಕಪ್ಪಿನಿಂದ ಬಿಳಿಗೆ ಹೋಗುವ ಬೂದು ಮೆಟ್ಟಿಲುಗಳನ್ನು ಇಟ್ಟು 4×6 ಹಾಳೆಯಲ್ಲಿ ತೆಗೆಯಿರಿ. ತಪ್ಪು ಹಿಡಿಯಲು ಬೂದು ಬಣ್ಣಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರಲ್ಲಿ ಗುಲಾಬಿ, ಹಸಿರು ಇಣುಕಿದರೆ ಹಿಂದಿನ ಹಂತಗಳಲ್ಲಿ ಎಲ್ಲೋ ಎಡವಟ್ಟಾಗಿದೆ.

ಪ್ರಿಂಟ್ ಹೊರಬಂದ ಕೂಡಲೇ ತೀರ್ಪು ಕೊಡಬೇಡಿ. ಡೈ ಇಂಕು (ಬಣ್ಣ ಪೂರ್ತಿ ಕರಗಿರುವ ಬಗೆ) ಒಣಗುತ್ತಾ ಬಣ್ಣ ಬದಲಿಸುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿ, ಕೊನೆಯ ತೀರ್ಮಾನಕ್ಕೆ ಒಂದು ದಿನ ಕೊಡಿ. ಮಳೆಗಾಲದ ಮಂಗಳೂರು, ಉಡುಪಿ, ಕಾರವಾರದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು, ಒಣಗದ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ತೆರೆದ ಹಾಳೆಯ ಪೊಟ್ಟಣವನ್ನು ಅಲ್ಲಿ ಗಾಳಿಯಾಡದ ಡಬ್ಬಿಯಲ್ಲೇ ಇಡಿ.

ಯಾವ ಬೆಳಕಿನಲ್ಲಿ ನೋಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮುದ್ರಣ ಉದ್ಯಮ ಪ್ರಿಂಟ್ ನೋಡಲು 5000 ಕೆಲ್ವಿನ್ ಬೆಳಕನ್ನು ಒಪ್ಪಿಕೊಂಡಿದೆ. ನಮ್ಮ ಮನೆಗಳ ಎಲ್‌ಇಡಿ ಟ್ಯೂಬ್‌ಗಳು ಹೆಚ್ಚಾಗಿ 6500 ಕೆಲ್ವಿನ್, ಅವುಗಳ ಬೆಳಕಿನಲ್ಲಿ ಕಡುಗೆಂಪಿನ ಪಾಲೂ ಕಡಿಮೆ. ಹಾಗಾಗಿ ಅದರಡಿ ಮುಖ ಬಾಡಿದಂತೆ ಕಾಣುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ನೋಡಿ. ಫೋಟೊ ಯಾವ ಗೋಡೆಗೆ ಹೋಗುತ್ತದೆಂದು ಗೊತ್ತಿದ್ದರೆ ಅಲ್ಲಿನ ದೀಪದಲ್ಲೂ ಒಮ್ಮೆ ಹಿಡಿದು ನೋಡಿ.

ಸರಿ ಬರದಿದ್ದರೆ ಎಲ್ಲಿ ಹುಡುಕಬೇಕು

ಬಣ್ಣ ಸರಿಯಿದ್ದು ಒಟ್ಟಾರೆ ಕಪ್ಪಾಗಿದ್ದರೆ ತೆರೆಯ ಹೊಳಪಿಗೆ ಮರಳಿ. ಇಡೀ ಚಿತ್ರ ಗುಲಾಬಿಯಾದರೆ ಎರಡು ಸಲ ಬಣ್ಣ ಬದಲಾಗಿದೆ. ಎಲ್ಲ ಸಪ್ಪೆಯಾಗಿ, ಮಾಸಿದಂತಿದ್ದರೆ ಮೂರು ಅನುಮಾನ: ಪೇಪರ್ ಟೈಪ್ ತಪ್ಪು, ಹಾಳೆಯ ಹಿಂಬದಿಗೆ ಪ್ರಿಂಟ್ ಆಗಿದೆ, ಇಲ್ಲವೇ ಫೈಲಿನ ಪ್ರೊಫೈಲ್ ಗುರುತು ಕಳೆದುಹೋಗಿದೆ. ಒಂದು ಬಣ್ಣವೇ ಮಾಯವಾಗಿದ್ದರೆ, ಅಡ್ಡ ಗೆರೆಗಳಿದ್ದರೆ ನಾಝಲ್ ಚೆಕ್. ನೆರಳು ಭಾಗ, ಅದರಲ್ಲೂ ಜಡೆಯ ಎಳೆಗಳು, ಮುದ್ದೆಯಾಗಿದ್ದರೆ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಹಾಕಿದ್ದೀರಾ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರಿಂಟಿನ ಹಿಂದೆ ಏನು ಬದಲಿಸಿದಿರೆಂದು ಪೆನ್ಸಿಲಿನಲ್ಲಿ ಬರೆದಿಡಿ.

ಅಗ್ಗದ ಇಂಕು, ಅಗ್ಗದ ಹಾಳೆ ಬಳಸಲೇಬೇಕಾದವರಿಗೆ

ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುವ ರೀಫಿಲ್ ಇಂಕುಗಳ ಬಣ್ಣ ಮೂಲ ಇಂಕಿಗಿಂತ ಬೇರೆ. ಹಾಗಾಗಿ ಕಂಪನಿಯ ಪ್ರೊಫೈಲ್ ಅವಕ್ಕೆ ಹೊಂದುವುದಿಲ್ಲ. ಬಿಸಿಲಿಗೆ, ಗಾಳಿಗೆ ಬೇಗ ಮಾಸುವ ಭಯವೂ ಇದೆ. ಗೋಡೆಗೆ ಹಾಕುವ ಫೋಟೊಗೆ ನಾನು ಅವನ್ನು ಹೇಳುವುದಿಲ್ಲ. ಆದರೂ ಖರ್ಚಿನ ಕಾರಣಕ್ಕೆ ಬಳಸುವವರಿಗೆ ಸರಿಯಾದ ದಾರಿ ಕಸ್ಟಮ್ ಪ್ರೊಫೈಲ್. ನೂರಾರು ಬಣ್ಣದ ಚೌಕಗಳಿರುವ ಚಾರ್ಟನ್ನು, ಡ್ರೈವರಿನ ಬಣ್ಣ ತಿದ್ದುಪಡಿ ಪೂರ್ತಿ ನಿಲ್ಲಿಸಿ, ನಿಮ್ಮ ಹಾಳೆ ಮತ್ತು ಇಂಕಿನಲ್ಲಿ ಪ್ರಿಂಟ್ ಮಾಡಬೇಕು. ಒಂದು ದಿನ ಒಣಗಿಸಿ ಸ್ಪೆಕ್ಟ್ರೊಫೋಟೊಮೀಟರ್ ಎಂಬ ಬಣ್ಣ ಅಳೆಯುವ ಸಾಧನದಲ್ಲಿ ಅಳೆದರೆ ಆ ಜೋಡಣೆಗೇ ಪ್ರೊಫೈಲ್ ಸಿದ್ಧವಾಗುತ್ತದೆ. ಸಾಧನ ದುಬಾರಿಯಾದ್ದರಿಂದ ಹಣ ಪಡೆದು ಅಳೆದುಕೊಡುವವರ ಬಳಿ ಮಾಡಿಸುವುದೇ ವಾಸಿ. ಒಂದೇ ಹಾಳೆಗೆ, ಒಂದೇ ಇಂಕಿಗೆ ಅಂಟಿಕೊಳ್ಳಿ, ಒಮ್ಮೆಗೇ ಹೆಚ್ಚು ಕೊಂಡಿಡಿ. ಇಂಕಿನ ಕಂಪನಿ ಬದಲಾದ ದಿನ ಆ ಪ್ರೊಫೈಲ್ ಅಳಿಸಿ ಹೊಸ ಚಾರ್ಟ್ ಪ್ರಿಂಟ್ ಮಾಡಿ.